ಕೂಗಿ ಹಾಕಿದ ವೋಟು

"ಒಂದ್ ಸಹಿ ಹಾಕುಕೆ ಎಷ್ಟ್ ಹೊತ್ತಾ ಬೋಳಿಮಗನೆ? ಅಪ್ಪನ ಆಸ್ತಿ ಬರ್ದ್ ಕೊಡ್ತಾ ಇದ್ಯಾ?"

ಇಷ್ಟು ಹೇಳುವಾಗ ಗೋಪೀನಾಥ ಧಣಿಗಳ ಹಣೆಯ ಗಂಧ ಒಂದಿಷ್ಟೂ ಕದಲಲಿಲ್ಲ. ಲಂಡನ್ನಿನ ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿರುವ ಅವರ ಹೋಟೆಲಿಗೆ ಮಧ್ಯಾಹ್ನದ ಗಿರಾಕಿಗಳು ಹೋಗಿ ಸಂಜೆಯವರು ಬರುವ ತನಕ ಬಾಗಿಲು ಹಾಕಿರುತ್ತದೆ. ಕೆಲಸದವರು ಉಣ್ಣುವುದು, ಕಾಲು ಚಾಚುವುದು ಆ ಹೊತ್ತಿನಲ್ಲೇ. ಅಂದು ಊಟವೂ ಇಲ್ಲ, ಕಾಲು ಚಾಚುವುದೂ ಇಲ್ಲ. ಎಲ್ಲರನ್ನೂ ಗಲ್ಲಾದ ಮುಂದೆ ಸಾಲಾಗಿ ನಿಲ್ಲಿಸಿ ವೋಟು ಹಾಕಿಸುವ ಕಾರ್ಯಕ್ರಮ ನಡೆದಿತ್ತು.

ಹಿಂದೊಮ್ಮೆ ಬ್ರಿಟಿಷ್ ರಾಜನ ಪ್ರಜೆಗಳಾಗಿದ್ದ ಪುಣ್ಯಕ್ಕೆ, ಇಂಗ್ಲೆಂಡಿಗೆ ಬಂದು ನೆಲೆಸಿದ ಭಾರತದವರಿಗೂ ಇಲ್ಲಿ ವೋಟು ಉಂಟು. ಕೆಲಸದವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಧಣಿಗಳಿಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲಿನ ಮೇಲಿನ ಫ್ಲ್ಯಾಟಿನಲ್ಲಿ ಒತ್ತೊತ್ತಾಗಿ ಮಲಗುವ ಅಷ್ಟೂ ಜನರನ್ನು ಮತದಾರರನ್ನಾಗಿ ಮಾಡಿ, ಬೂತಿಗೆ ಹೋಗುವ ಕಷ್ಟವೂ ಅವರಿಗೆ ಬೇಡವೆಂದು ಅಂಚೆಯಲ್ಲೇ ಮತಪತ್ರ ತರಿಸಿದ್ದರು. ಎರಡು ಸಾವಿರದ ಎರಡನೆಯ ಇಸವಿಯ ಕೌನ್ಸಿಲ್ ಚುನಾವಣೆ ಅದು. ಧಣಿಗಳ ಸ್ನೇಹಿತ, ಸೀರೆ ಅಂಗಡಿಯ ಉಮಾಶಂಕರ, ಚುನಾವಣೆಗೆ ನಿಂತಿದ್ದ. ಈಗ ಪಕ್ಕದ ಮೇಜಿನಲ್ಲಿ ಕೂತು ಕಾಫಿ ಹೀರುತ್ತ, ಮತಪತ್ರದ ಜೊತೆಗೆ ಬಂದ ಕಾಗದಕ್ಕೆ ಇವರು ಮನಸಾರೆ ಸಹಿ ಹಾಕಿದ್ದಾರೆಂದು ತಾನೇ ಸಾಕ್ಷಿ ಹಾಕುತ್ತಿದ್ದ. ಮತಪತ್ರದ ಮೇಲೆ ಗುರುತು ಹಾಕುವ ಕೆಲಸವನ್ನು ಧಣಿಗಳು ವಹಿಸಿಕೊಂಡಿದ್ದರು. ಊರಲ್ಲಾದರೆ ಲಾರಿ ಹತ್ತಿಸಿ ಬೂತಿನ ತನಕವಾದರೂ ಕರೆದುಕೊಂಡು ಹೋಗುತ್ತಿದ್ದರು, ಒಂದು ಕಟ್ಟು ಬೀಡಿಯಾದರೂ ಸಿಗುತ್ತಿತ್ತು. ಇಲ್ಲಿ ಅದೂ ಇಲ್ಲ.

ಪೆನ್ನು ಹಿಡಿದು ನಿಂತಿದ್ದವನು ವೆಂಕಪ್ಪ. ಸರ್ಕಾರ ಕೊಟ್ಟ ವರ್ಕ್ ಪರ್ಮಿಟ್ಟಿನಲ್ಲಿ ಅವನು ಮುಖ್ಯ ಅಡುಗೆಯವನು. ಹೋಟೆಲಿನಲ್ಲಿ ಪಾತ್ರೆ ತಿಕ್ಕುವವನು, ಸಮಾರಂಭಗಳಲ್ಲಿ ಎಂಜಲೆಲೆ ತೆಗೆಯುವವನು. ಕುಂದಾಪುರದ ಕಡೆ ಧಣಿಗಳ ಅಂಗಳದ ಆಚೆ ನಿಲ್ಲುತ್ತಿದ್ದ ಮಂಜನ ಮಗ ಸಾಂಬಾರಿನ ಕೊಳಗ ಮುಟ್ಟಿದರೆ ಲಂಡನ್ನಿನ ಸಾಂಬಾರೂ ಕೆಡುತ್ತದೆಂದು ಧಣಿಗಳ ನಂಬಿಕೆ.

"ಸಹಿ ಹಾಕ್ತೆ ಒಡೆಯ್ರೆ," ವೆಂಕಪ್ಪ ಹೇಳಿದ. "ಗುರ್ತ್ ಮಾತ್ರ ನಾನೇ ಹಾಕ್ತೆ."

ಧಣಿಗಳು ನಕ್ಕರು.

"ಕಂಡ್ಯಾ ಉಮಾಶಂಕರ? ಇವ್ನ್ ಅಪ್ಪ ನಮ್ಮ ಅಂಗಳಕ್ಕೆ ಕಾಲಿಡುಕೆ ಹೆದ್ರತಿದ್ದ. ಮಗ ಲಂಡನ್ನಗೆ ರಾಜ್ಯ ಆಳುಕೆ ಹೊರ್ಟಿದ." ನಗು ಅಲ್ಲಿಗೆ ಮುಗಿಯಿತು. "ನಿನ್ನ ಪರ್ಮಿಟ್ ಯಾರ ಹೆಸ್ರಗೆ ಇತ್ತಾ?"

"ನಿಮ್ಮ ಹೆಸ್ರಗೆ."

"ನಾನ್ ಒಂದ್ ಫೋನ್ ಮಾಡ್ರೆ ಸಾಕ್, ಕುಂದಾಪ್ರದ ಬಸ್‌ಸ್ಟ್ಯಾಂಡಗೆ ಬಿದ್ದಿರ್ಕಾತ್ತ್. ಇನ್ ಸ್ವಲ್ಪ ಸಮಯ ಬಾಯ್ ಮುಚ್ಕಂಡ್ ಇದ್ರೆ ಈ ದೇಶದಗೆ ಪರ್ಮನೆಂಟ್ ಆತೆ. ಯಾವ್ದ್ ಬೇಕ್, ನೀನೇ ಹೇಳ್."

ಪರ್ಮನೆಂಟ್ ಎಂಬ ಆ ಮಾತಿಗೋಸ್ಕರವೇ ವೆಂಕಪ್ಪ ಇಷ್ಟು ವರ್ಷ ಸೋಪಿನ ನೀರಿನಲ್ಲಿ ಕೈ ಕೊಳೆಸಿಕೊಂಡಿದ್ದ. ಅದು ಆದರೆ ಹೆಂಡತಿ ಮಕ್ಕಳನ್ನು ಕರೆಸಬಹುದು, ಈ ಧಣಿಯ ಮುಖಕ್ಕೆ ಬೆನ್ನು ತಿರುಗಿಸಿ ಬೇರೆ ಹೋಟೆಲಿಗೆ ಹೋಗಬಹುದು. ಅವನು ಸಹಿ ಹಾಕಿದ.

ಹಾಕಿದ ಮೇಲೆ ಅಪ್ಪ ನೆನಪಾದ. ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಬಂದಾಗ ಊರಲ್ಲಿ ಸುಮಾರು ಜನ ಡಿಕ್ಲರೇಶನ್ ಕೊಟ್ಟು ಗದ್ದೆ ಪಡೆದರು. ನೀನು ಕೊಡಬೇಡ ಎಂದು ಗೋಪೀನಾಥರ ತಂದೆ ಹೇಳಿದ್ದಕ್ಕೆ ಅಪ್ಪ ಕೊಡಲಿಲ್ಲ. ಗದ್ದೆ ಧಣಿಗಳಿಗೆ ಉಳಿಯಿತು, ಅಪ್ಪನಿಗೆ ಒಳ್ಳೆಯವನೆಂಬ ಹೆಸರು ಉಳಿಯಿತು.

ಯುಗಾದಿ ಕಳೆದು ಎಷ್ಟೋ ದಿನಗಳಾದ ಮೇಲೆ, ಶಾಲೆಯ ಹಾಲ್ ಅಗ್ಗಕ್ಕೆ ಸಿಕ್ಕ ಭಾನುವಾರ, ಕನ್ನಡ ಸಂಘದವರು ಯುಗಾದಿ ಆಚರಿಸಿದರು. ಊಟ ಗೋಪೀನಾಥ ಧಣಿಗಳದು. ಭಾಷಣ ಡಾಕ್ಟರ್ ಅಶ್ವತ್ಥನಾರಾಯಣರದು. ಮೈಸೂರಿನವರು, ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಹೃದಯ ನೋಡುವವರು. ಇಂಗ್ಲೆಂಡಿನ ಜನ ವೋಟಿನ ಹಕ್ಕಿಗಾಗಿ ನಡೆಸಿದ ಹೋರಾಟದ ಬಗ್ಗೆ ಅವರು ಪುಸ್ತಕಗಳನ್ನು ಕೊಂಡು ಬೈಂಡ್ ಹಾಕಿಸಿ ಇಟ್ಟಿದ್ದರು. ಅಂಥ ಹೋರಾಟ ತಮ್ಮ ಮನೆಯ ಬಾಗಿಲಿಗೆ ಬಂದರೆ ಬಾಗಿಲು ತೆಗೆಯುವ ಜಾತಿಯವರಲ್ಲ, ಆದರೆ ಓದುವುದರಲ್ಲಿ ಬಹಳ ಆಸಕ್ತಿ.

ವೆಂಕಪ್ಪ ಪರದೆಯ ಹಿಂದೆ ಪಾತ್ರೆ ಒರೆಸುತ್ತ ಕೇಳಿದ. ವೋಟು ಬೇಕೆಂದು ಮೈದಾನದಲ್ಲಿ ಸೇರಿದ ನೇಕಾರರ ಮೇಲೆ ಕುದುರೆ ನುಗ್ಗಿಸಿ ಕತ್ತಿ ಬೀಸಿದರಂತೆ. ಇದೇ ಲಂಡನ್ನಿನಲ್ಲಿ, ಹೊಳೆಯ ಆಚೆ ದಡದ ಕೆನ್ನಿಂಗ್ಟನ್ನಿನಲ್ಲಿ, ಕೂಲಿಗಳು ಮಳೆಯಲ್ಲಿ ನೆನೆಯುತ್ತ ನಿಂತು ವೋಟು ಕೇಳಿದರಂತೆ. ಹೆಂಗಸರು ಜೈಲಿನಲ್ಲಿ ಉಪವಾಸ ಕೂತಾಗ ಮೂಗಿಗೆ ನಳಿಗೆ ತುರುಕಿ ಗಂಜಿ ಹೊಯ್ದರಂತೆ. ಮುಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು.

"ಆಗೆಲ್ಲ ಇಲ್ಲಿ ಗುಟ್ಟಿನ ಮತದಾನ ಅನ್ನೋದೇ ಇರ್ಲಿಲ್ಲ ನೋಡಿ," ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ಮರದ ಅಟ್ಟ ಕಟ್ಟೋರು. ವೋಟರ್ ಅದರ ಮೇಲೆ ಹತ್ತಿ, ನನ್ನ ವೋಟು ಇಂಥವನಿಗೆ ಅಂತ ಎಲ್ಲರ ಎದುರು ಕೂಗಿ ಹೇಳ್ಬೇಕಿತ್ತು. ಕೆಳಗೆ ಜಮೀನ್ದಾರ ನಿಂತು ಕೇಳೋನು. ಬೇರೆ ಹೆಸರು ಹೇಳಿದ್ರೆ ಒಕ್ಕಲು ಎಬ್ಬಿಸೋನು! ಆದ್ರೂ ಕೆಲವರು ಹೇಳಿದ್ರು. ಅದೇ ರೀ ಈ ದೇಶದ ಸ್ಪಿರಿಟ್!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಗೋಪೀನಾಥ ಧಣಿಗಳು. ಪರದೆಯ ಹಿಂದೆ ವೆಂಕಪ್ಪನ ಕೈಯಲ್ಲಿ ಪಾತ್ರೆ ಹಾಗೇ ನಿಂತಿತು. ಬಿಳಿಯರೆಂದರೆ ಹುಟ್ಟುತ್ತಲೇ ಬೆನ್ನು ಸೆಟೆಸಿ ನಡೆಯುವವರೆಂದು ಅವನು ತಿಳಿದಿದ್ದ. ಇವರಿಗೂ ಧಣಿಗಳಿದ್ದರು! ಇವರೂ ಅಂಗಳದ ಆಚೆ ನಿಂತವರು! ಅವನಿಗೆ ಎಂದೂ ಇಲ್ಲದ ಖುಷಿಯಾಯಿತು.

ಆ ಖುಷಿಯಲ್ಲೇ, ಊಟದ ಕೊನೆಗೆ ಎಲೆ ತೆಗೆಯುತ್ತ ಬಂದವನು ಡಾಕ್ಟರ ಮುಂದೆ ಬಗ್ಗಿ ಕೇಳಿಬಿಟ್ಟ.

"ಡಾಕ್ಟ್ರೆ, ನಮ್ಮ ವೋಟೆಲ್ಲ ಧಣಿಗಳೇ ಹಾಕಂಡ್ರ್. ಅದ್ ಸಮ ಅಲ್ಲ, ಅಲ್ದಾ?"

ಡಾಕ್ಟರು ಅತ್ತ ಇತ್ತ ನೋಡಿದರು. ಆಚೆ ಸಾಲಿನಲ್ಲಿ ಧಣಿಗಳು ಸ್ವತಃ ತುಪ್ಪ ಬಡಿಸುತ್ತಿದ್ದರು.

"ನೋಡಪ್ಪ, ಅದು ನಿಮ್ಮ ನಿಮ್ಮೊಳಗಿನ ವಿಷಯ. ನಾನು ಹೇಳಿದ್ದು ಹಿಸ್ಟರಿ."

"ಡ್ಯಾಡ್, ದಟ್ಸ್ ಇಲ್ಲೀಗಲ್!" ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು ಗಾರ್ಗಿ.

"ಗಾರ್ಗಿ, ಈಟ್." ಡಾಕ್ಟರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. "ಈಗ್ಲೇ ತೆಗೀಬೇಡಪ್ಪ. ಇನ್ನೊಂದು ಸೌಟು ಪಾಯಸ ಬರ್ಲಿ."

"ಪಾಪ, ಇವ್ರಿಗೆಲ್ಲ ವೋಟು ತಗೊಂಡು ಏನಾಗ್ಬೇಕು? ಹೊಟ್ಟೆ ತುಂಬಿದ್ರೆ ಸಾಕು," ಎಂದರು ಡಾಕ್ಟರ ಹೆಂಡತಿ ವೈದೇಹಿ, ತುಂಬಿದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತ.

ಚುನಾವಣೆಯ ಗುರುವಾರ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ವೆಂಕಪ್ಪ ಸೀದಾ ಬೂತಿಗೆ ಹೋದ. ಯಾರಿಗೆ ಹಾಕಬೇಕೆಂದು ಅವನಿಗೆ ಗೊತ್ತಿತ್ತು. ಡೆನಿಸ್ ಎಂಬ ನಿವೃತ್ತ ಬಸ್ ಡ್ರೈವರ್ ವೋಟು ಕೇಳುತ್ತ ಹೋಟೆಲಿನ ಹಿಂಬಾಗಿಲಿಗೆ ಬಂದಿದ್ದ. ವೆಂಕಪ್ಪನ ಸೋಪಿನ ಕೈಯನ್ನು ಹಾಗೇ ಹಿಡಿದು ಕುಲುಕಿ, ಒದ್ದೆಯಾದ ಕೈಯನ್ನು ಒರೆಸಿಕೊಳ್ಳದೆ ಹೋಗಿದ್ದ. ಅವನ ಪಕ್ಷ ಯಾವುದೋ, ಗೆದ್ದರೆ ಏನು ಕಡಿದು ಹಾಕುತ್ತಾನೋ ವೆಂಕಪ್ಪನಿಗೆ ಗೊತ್ತಿರಲಿಲ್ಲ. ಕೈ ಒರೆಸಿಕೊಳ್ಳಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಮೇಜಿನ ಹಿಂದೆ ಕೂತಿದ್ದ ಮುದುಕಿಗೆ ಹೆಸರು ಹೇಳಿ, ಶಾಯಿ ಹಚ್ಚಲೆಂದು ಎಡಗೈಯ ತೋರುಬೆರಳು ಚಾಚಿದ. ಅವಳು ಬೆರಳನ್ನು ನೋಡಿದಳು. ಸೋಪಿಗೆ ಸಿಪ್ಪೆ ಸುಲಿದು ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. "ಓ, ಯೂ ಪೂರ್ ಲವ್!" ಎಂದು ಚೀಲ ತಡಕಾಡಿ ಒಂದು ಬ್ಯಾಂಡೇಜ್ ಪಟ್ಟಿ ತೆಗೆದು ತಾನೇ ಸುತ್ತಿದಳು. ಆಮೇಲೆ ಮತದಾರರ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ ತಲೆಯಾಡಿಸಿದಳು. ಅವನದು ಅಂಚೆಯ ವೋಟು. ಇಲ್ಲಿ ಇನ್ನೊಂದು ಕೊಡಲು ಬರುವುದಿಲ್ಲ. ಸಾರಿ, ಲವ್.

"ಬೆರಳಿಗ್ ಎಂತ ಆಯ್ತ್ ವೆಂಕಪ್ಪಣ್ಣ?" ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ವಸಂತಿ ಕೇಳಿದಳು. ಅವಳೂ ಕುಂದಾಪುರದ ಕಡೆಯವಳೇ, ಸಾಲಿನಲ್ಲಿ ನಿಂತು ಸಹಿ ಹಾಕಿದವಳೇ.

"ವೋಟ್ ಹಾಕುಕೆ ಹೋಯಿದೆ. ಪಟ್ಟಿ ಸುತ್ತಿ ಕಳ್ಸ್ರ್."

ವಸಂತಿ ನಕ್ಕಳು. ಆಮೇಲೆ ಕತ್ತಿಯನ್ನು ಬದನೆಕಾಯಿಯ ಮೇಲೆ ಜೋರಾಗಿಯೇ ಹಾಕಿದಳು.

ಉಮಾಶಂಕರ ಗೆದ್ದ. ಮುಂದಿನ ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲೇ ಮೇಜು ಸರಿಸಿ, ನೆಲಕ್ಕೆ ಎಲೆ ಹಾಕಿ ಸನ್ಮಾನದ ಊಟ. ಗೋಡೆಗೆ ಬಟ್ಟೆಯ ಬ್ಯಾನರು, ಕೌನ್ಸಿಲರ್ ಸಾಹೇಬರ ಕೊರಳಿಗೆ ಹಾರ, ಮೈಮೇಲೆ ಅವರ ಅಂಗಡಿಯದೇ ಶಾಲು. ಊಟ ಮುಗಿಯುತ್ತ ಬಂದಾಗ ಡಾಕ್ಟರ್ ಅಶ್ವತ್ಥನಾರಾಯಣರು ಎದ್ದು, ಪ್ರಜಾಪ್ರಭುತ್ವದ ತಾಯ್ನೆಲದಲ್ಲಿ ನಮ್ಮ ಕನ್ನಡಿಗನೊಬ್ಬನನ್ನು ಜನ ಮನಸಾರೆ ಆರಿಸಿದ್ದಾರೆ ಎಂದರು. ಕೂತು ಪಾಯಸಕ್ಕೆ ಕೈ ಹಾಕಿದರು.

ವೆಂಕಪ್ಪ ಒಳಗಿನಿಂದ ಸ್ಟೂಲು ಹೊತ್ತು ತಂದ. ಬ್ಯಾನರಿನ ಒಂದು ಮೂಲೆ ಜೋತುಬಿದ್ದಿತ್ತು, ಕಟ್ಟಲು ಬಂದನೆಂದು ಎಲ್ಲರೂ ತಿಳಿದರು. ಅವನು ಎಲೆಗಳ ಸಾಲಿನ ನಡುವೆ ಸ್ಟೂಲಿಟ್ಟು ಹತ್ತಿ ನಿಂತ. ಸ್ಟೂಲಿನ ಕಾಲು ಅಲ್ಲಾಡಿತು. ಹೆಂಡತಿಗೆ ಏನು ಹೇಳುವುದೆಂಬ ಯೋಚನೆಯೂ ಒಮ್ಮೆ ಬಂದು ಹೋಯಿತು.

"ನಾನ್ ವೆಂಕಪ್ಪ!" ಅವನು ಕೂಗಿದ. "ಮಂಜನ ಮಗ! ನನ್ನ ವೋಟ್ ಡೆನಿಸಿಗೆ! ಉಮಾಶಂಕರ್ರಿಗೆ ಇಲ್ಲೆ! ಕೇಣ್ತಾ ಎಲ್ಲರಿಗೂ?"

ಕೇಳಿಸಿತು. ಬಾಯಿಗೆ ಹೋಗುತ್ತಿದ್ದ ತುತ್ತುಗಳು ಅರ್ಧದಲ್ಲೇ ನಿಂತವು.

"ಇಳಿಯಾ ಕೆಳಗ್, ಹಲ್ಕಟ್!" ಧಣಿಗಳು ನೆಗೆದು ಎದ್ದರು. ಹಣೆಯ ಗಂಧ ಬೆವರಿಗೆ ಇಳಿಯತೊಡಗಿತ್ತು. "ಅಮಲ್ ಏರಿತಾ ನಿಂಗೆ? ನಾಳಿಗೇ ಕಳಸ್ತೆ ಕಾಣ್! ಪರ್ಮಿಟ್ ನನ್ನ ಕೈಯಗೆ ಇತ್ತ್!"

"ಪರ್ಮಿಟ್ ನಿಮ್ಮದ್. ಇಟ್ಕಣಿ. ವೋಟ್ ನಂದ್."

"ಇದು ಅಂಥ ಮಾತಿಗೆ ಹೊತ್ತಲ್ಲಪ್ಪ," ಡಾಕ್ಟರು ಮೆಲ್ಲಗೆ ಹೇಳಿದರು. "ಎಲ್ರೂ ಊಟ ಮಾಡ್ತಾ ಇದಾರೆ."

"ಅಟ್ಟ ಕಟ್ಟುಕೆ ಮರ ಸಿಕ್ಲಿಲ್ಲೆ ಡಾಕ್ಟ್ರೆ. ಸ್ಟೂಲ್ ಸಿಕ್ತ್."

ಡಾಕ್ಟರು ಪಾಯಸದಲ್ಲಿ ಗೋಡಂಬಿ ಹುಡುಕತೊಡಗಿದರು. ಗಾರ್ಗಿ ಅಪ್ಪನ ಮುಖವನ್ನೇ ನೋಡುತ್ತ ಕೂತಳು. ಕೌನ್ಸಿಲರ್ ಸಾಹೇಬರು ಹಾರ ತೆಗೆಯುವುದೋ ಇಟ್ಟುಕೊಳ್ಳುವುದೋ ತಿಳಿಯದೆ ಅದನ್ನು ಹಿಡಿದುಕೊಂಡರು.

ವೆಂಕಪ್ಪ ಇಳಿದ. ಎಲೆ ತೆಗೆಯುವ ಬುಟ್ಟಿ ಗೋಡೆಗೆ ಒರಗಿಕೊಂಡಿತ್ತು, ಅವನು ಅದರ ಕಡೆ ಹೋಗಲಿಲ್ಲ.

"ಎಲೆ ತೆಗಿನಿ ಯಾರಾರೂ!" ಧಣಿಗಳು ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಅರಚಿದರು. "ಸತ್ರಾ ಎಲ್ಲ ಒಳಗೆ?"

ಬಾಗಿಲಲ್ಲಿ ಕೆಲಸದವರೆಲ್ಲ ಗುಂಪಾಗಿ ನಿಂತಿದ್ದರು. ಯಾರೂ ಅಲ್ಲಾಡಲಿಲ್ಲ. ಅವರ ನಡುವಿನಿಂದ ವಸಂತಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಎಲೆ ತೆಗೆಯಲು ಬಂದಳೆಂದು ಧಣಿಗಳು ದಾರಿ ಬಿಟ್ಟರು. ಅವಳು ಎಂಜಲೆಲೆಗಳನ್ನು ದಾಟಿ ಸ್ಟೂಲಿನ ಹತ್ತಿರ ಹೋಗಿ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಗಟ್ಟಿ ಹಿಡ್ಕೊ ವೆಂಕಪ್ಪಣ್ಣ," ಎಂದಳು. "ಇದ್ರ್ ಕಾಲ್ ಅಲ್ಲಾಡತ್ತ್."