ಮೇವಿನ ಮನೆಗೆ ಬಂದ ಹಸು

ಹೂಡಿಯ ಟೆಕ್ ಪಾರ್ಕೊಂದರಲ್ಲಿ ದನದ ಮೇವಿನ ಸಂಶೋಧನೆ ನಡೆಯುತ್ತಿತ್ತು. ಅಲ್ಲಿ ಪ್ರೋಟೀನು ಅಳೆಯುವವರಿದ್ದರು, ವಂಶವಾಹಿ ಓದುವವರಿದ್ದರು, ಇನ್ನೂ ಕರೆಯದ ಹಾಲಿಗೆ ಗ್ರಾಫು ಬರೆಯುವವರೂ ಇದ್ದರು. ದನವೊಂದು ಇರಲಿಲ್ಲ. ಇರಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಸೌಮ್ಯ ಅಲ್ಲಿನ ತಳಿ ವಿಜ್ಞಾನಿ. ಹುಟ್ಟಿ ಬೆಳೆದದ್ದು ಹತ್ತಿರದ ಕುಂದಲಹಳ್ಳಿಯಲ್ಲೇ. ಅವಳು ಬೆಳೆಸುತ್ತಿದ್ದದ್ದು ಕುದುರೆ ಮೆಂತ್ಯ. ಮೂರೆಲೆಯ, ನೇರಳೆ ಹೂವಿನ ಮೇವು. ಕೊಯ್ದಷ್ಟೂ ಬುಡದಿಂದ ಚಿಗುರುವ ಜಾತಿ. ಅದರ ವರ್ಣತಂತುಗಳು ನಮ್ಮವುಗಳ ಹಾಗೆ ಜೋಡಿಯಾಗಿರುವುದಿಲ್ಲ, ನಾಲ್ಕು ನಾಲ್ಕಾಗಿರುತ್ತವೆ. ಅದರಲ್ಲಿ ಒಂದು ಒಳ್ಳೆಯ ಗುಣವನ್ನು ಹಿಡಿದು ನಿಲ್ಲಿಸುವುದೆಂದರೆ ನಾಲ್ಕು ಓರಗಿತ್ತಿಯರನ್ನು ಒಂದೇ ಸಾರಿನ ಉಪ್ಪಿಗೆ ಒಪ್ಪಿಸಿದ ಹಾಗೆ. ಸೌಮ್ಯ ವರ್ಷಗಟ್ಟಲೆ ಕೂತು ಒಪ್ಪಿಸಿದ್ದಳು. ಅವಳ ತಳಿ ಗಿಡ್ಡ, ಕಡ್ಡಿ ಸಣ್ಣ, ಮೈತುಂಬ ಎಲೆ, ಬುಡದಲ್ಲಿ ಮೊಗ್ಗುಗಳ ಸಂತೆ. ಮುದ್ದಿಗೆ ಅದನ್ನು ‘ಕುಳ್ಳಿ’ ಎನ್ನುತ್ತಿದ್ದಳು, ಈಗ ಎಲ್ಲರ ಬಾಯಲ್ಲೂ ಅದೇ ಹೆಸರು.

ಕುಳ್ಳಿಯ ಎದುರಾಳಿ ‘ವೇಗ’, ಬಾಸ್ ಭಾನುಪ್ರಕಾಶರ ತಳಿ. ಸೊಂಟದೆತ್ತರ, ಪೆನ್ಸಿಲಿನಂಥ ಕಾಂಡ, ಮೊದಲ ಕೊಯ್ಲಿಗೇ ರಾಶಿ ತೂಕ. ಮುಂದಿನ ಕೊಯ್ಲುಗಳಿಗೆ ಅದು ಸುಸ್ತಾಗುತ್ತದೆ ಎಂದು ಸೌಮ್ಯ ಹೇಳಿದರೆ ಅವರು ನಗುತ್ತಿದ್ದರು. “ಇನ್ವೆಸ್ಟರ್ ಏನು ಎರಡನೇ ಕೊಯ್ಲಿನ ತನಕ ಕೂತಿರ್ತಾರೇನಮ್ಮಾ? ಫಸ್ಟ್ ಇಂಪ್ರೆಷನ್ ಮುಖ್ಯ ಕಣಮ್ಮ.”

ತಾರಸಿಯ ಮೇಲೆ ಹೊಸ ಗಾಜಿನ ಮನೆ ಎದ್ದಿತ್ತು. ಅಲ್ಲಿ ಒಂದೇ ತಳಿಗೆ ಜಾಗ. ಸೋಮವಾರ ಆಯ್ಕೆ, ಸೋತ ತಳಿಯನ್ನು ಬುಡಸಮೇತ ಕಿತ್ತು ಗೊಬ್ಬರದ ಡಬ್ಬಕ್ಕೆ ಹಾಕುವುದು. ಸೋಲುವವರು ಯಾರೆಂದು ಕಾಫಿ ಮೆಷಿನ್ನಿಗೂ ಗೊತ್ತಿತ್ತು.

ಅದಕ್ಕೂ ಮೊದಲು ಶುಕ್ರವಾರ ಗಾಜಿನ ಮನೆಯ ಪ್ರವೇಶ. ಭಾನುಪ್ರಕಾಶ್ ಏನು ಬಿಟ್ಟರೂ ವಾಸ್ತು ಬಿಡುವವರಲ್ಲ. ಹಸು ಬೇಕೇ ಬೇಕು ಎಂದರು ಪುರೋಹಿತರು. ವೈಟ್‌ಫೀಲ್ಡಿನ ಫ್ಲಾಟುಗಳ ಗೃಹಪ್ರವೇಶಕ್ಕೆ ಹಸುವನ್ನು ಬಾಡಿಗೆಗೆ ಕರೆದೊಯ್ಯುವವಳು ಸೊಣ್ಣಮ್ಮ, ಸೌಮ್ಯಳ ಸೋದರತ್ತೆ. ಅವಳ ಗೌರಿ ಎಷ್ಟು ಲಿಫ್ಟು ಹತ್ತಿಳಿದಿತ್ತೆಂದರೆ, ಬಾಗಿಲು ತೆರೆದರೆ ಸಾಕು, ತಾನೇ ಒಳಗೆ ಹೋಗಿ ಕನ್ನಡಿಯ ಕಡೆ ಮುಖ ಮಾಡಿ ನಿಲ್ಲುತ್ತಿತ್ತು.

ಗೌರಿ ಬರುತ್ತದೆಂದು ತಿಳಿದಾಗ ಸೌಮ್ಯಳಿಗೆ ಕೊಂಚ ಕಸಿವಿಸಿಯಾಯಿತು. ಪ್ರತಿ ಕೊಯ್ಲಿನಲ್ಲೂ ಅಳತೆ ಮುಗಿದ ಕುಳ್ಳಿಯ ಸೊಪ್ಪು ಕಸಕ್ಕೆ ಹೋಗುವುದನ್ನು ನೋಡಲಾರದೆ, ಅದನ್ನು ಅತ್ತೆಯ ಕೊಟ್ಟಿಗೆಗೆ ಒಯ್ದು ಸುರಿಯುತ್ತಿದ್ದವಳು ಅವಳೇ. ವೇಗದ ಸೊಪ್ಪನ್ನಾದರೋ ಭಾನುಪ್ರಕಾಶ್ ಒಂದೆಲೆ ಬಿಡದೆ ಒಣಗಿಸಿ, ಗಾಜಿನ ಭರಣಿಗೆ ತುಂಬಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಪೂಜೆಯೇನು ಪ್ರಯೋಗವೇ ಎಂದುಕೊಂಡು ಅವಳು ಸುಮ್ಮನಾದಳು.

ಶುಕ್ರವಾರ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ.

“ಯಾರನ್ನ ಮೀಟ್ ಮಾಡ್ಬೇಕು ಅಮ್ಮಾ?”

“ನಮ್ ಸೌಮ್ಯನ್ನ.”

“ಹಸು?”

“ಅದೂ ಸೌಮ್ಯನ್ನೇ ಕಣಪ್ಪ. ಬೇಕಾದ್ರೆ ಪೋಟೋ ತಕ್ಕೊ.”

ಅವನು ನಿಜಕ್ಕೂ ತೆಗೆದುಕೊಂಡ. ಇಬ್ಬರಿಗೂ ಪಾಸು ಕೊಟ್ಟು ಸರ್ವಿಸ್ ಲಿಫ್ಟಿನ ದಾರಿ ತೋರಿಸಿದ. ಈ ಪಾರ್ಕು ಏಳುವ ಮೊದಲು ಈ ಜಾಗ ಊರ ಗೋಮಾಳ. ಗೌರಿಯ ಅಜ್ಜಿ, ಮುತ್ತಜ್ಜಿಯರು ಇಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮೇದು, ಮಲಗಿ, ಮೆಲುಕು ಹಾಕಿದ್ದರು. ಮೊಮ್ಮಗಳಿಗೆ ಈಗ ಪಾಸು ಸಿಕ್ಕಿತು, ಅದೂ ಸಂಜೆಯವರೆಗೆ. ಅಭಿವೃದ್ಧಿ ಎಂದರೆ ಇದೇ ಇರಬೇಕು.

ತಾರಸಿಯಲ್ಲಿ ಮಂತ್ರ ಮುಗಿಯಿತು. ಕಂಪನಿಗೆ ಬಂಡವಾಳ ಹಾಕಿದ್ದ ಅಂಬರೀಶ್ ಮುಂದೆಯೇ ಕೂತಿದ್ದರು. ಪುರೋಹಿತರು ಬಾಳೆಹಣ್ಣಿಗೆ ಕೈ ಚಾಚುವಷ್ಟರಲ್ಲಿ ಭಾನುಪ್ರಕಾಶ್ ಎದ್ದರು.

“ಬಾಳೆಹಣ್ಣು ಎಲ್ರೂ ಕೊಡ್ತಾರೆ ಸ್ವಾಮಿ. ನಮ್ಮದು ಫಾಡರ್ ಕಂಪನಿ! ಒಂದು ಕಟ್ಟು ವೇಗ ತನ್ನಿ.”

ತಂದರು. ಅವರೇ ಬಗ್ಗಿ ಹಿಡಿದರು. ಗೌರಿ ಮೂಸಿತು. ದೊಡ್ಡದಾಗಿ ಉಸಿರುಬಿಟ್ಟು ಅವರ ಕನ್ನಡಕಕ್ಕೆ ಮಂಜು ಹಿಡಿಸಿ, ಮುಖ ತಿರುಗಿಸಿತು.

“ಬೆಳಿಗ್ಗೆ ಚಪಾತಿ ತಿಂದೈತೆ ಸಾಮಿ, ಅಸಿವಿಲ್ಲ,” ಎಂದು ಸೊಣ್ಣಮ್ಮ ಅವರ ಮರ್ಯಾದೆ ಕಾಯಲು ನೋಡಿದಳು.

ಆ ಮಾತಿಗೆ ಗೌರಿ ಬೆಲೆ ಕೊಡಲಿಲ್ಲ. ಮೂತಿ ಎತ್ತಿ ಗಾಳಿ ಹಿಡಿಯಿತು. ಮೂಲೆಯಲ್ಲಿ, ಫೋಟೋದ ಹಿನ್ನೆಲೆಗೆಂದು ಕುಳ್ಳಿ ಬೆಳೆದ ಮಣ್ಣಿನ ತಟ್ಟೆಗಳನ್ನು ಜೋಡಿಸಿಟ್ಟಿದ್ದರು. ಸೊಣ್ಣಮ್ಮನನ್ನೂ ಹಗ್ಗವನ್ನೂ ಒಟ್ಟಿಗೆ ಎಳೆದುಕೊಂಡು ಅದು ಅತ್ತ ನುಗ್ಗಿತು.

“ಅತ್ತೇ, ಹಿಡ್ಕೋ! ಹಸೀದು ಜಾಸ್ತಿ ತಿಂದ್ರೆ ಹೊಟ್ಟೆ ಉಬ್ಬರಿಸ್ಕೊಳ್ಳತ್ತೆ!”

“ನಾನಿಡೀತಿಲ್ಲ ಕಣೇ, ಅದೇ ನನ್ನ ಇಡ್ಕೊಂಡೈತೆ!”

ಬಿಡಿಸುವ ಹೊತ್ತಿಗೆ ಅರ್ಧದಷ್ಟು ತಟ್ಟೆಗಳಲ್ಲಿ ಬರೀ ಬುಡ ಉಳಿದಿತ್ತು.

ಅಂಬರೀಶ್ ಚಪ್ಪಾಳೆ ತಟ್ಟಿದರು. “ಭಾನು, ಇನ್ನೇನು ಸೋಮವಾರ? ಕಸ್ಟಮರೇ ಡಿಸೈಡ್ ಮಾಡಿಬಿಡ್ತಲ್ಲ! ಈ ಕುಳ್ಳೀನೇ ಇಟ್ಕೊಳ್ಳಿ.”

ಕುಳ್ಳಿ ಉಳಿದಿತ್ತು. ಸೌಮ್ಯ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಉಳಿದೇ ಇರುತ್ತಿತ್ತು. ಅವಳ ಒಳಗೆ ಏನೋ ಏಳುತ್ತಿರುವುದನ್ನು ಕಂಡ ಅತ್ತೆ, ಹಿಂದಿನಿಂದ ಸೊಂಟ ಚಿವುಟಿದಳು. ಚಿಕ್ಕಂದಿನಿಂದ ಆ ಚಿವುಟಿಗೆ ಒಂದೇ ಅರ್ಥ: ಸುಮ್ಕಿರೇ.

ಆದರೆ ಒಂದೇ ಕೊಯ್ಲಿಗೆ ತೀರ್ಪು ಬೇಡವೆಂದು ವರ್ಷವೆಲ್ಲ ಜಗಳವಾಡಿದವಳು ಒಂದೇ ಹಸುವಿನಿಂದ ತೀರ್ಪು ಬರೆಸಿಕೊಳ್ಳುವುದೇ? ಅದೂ ಮನೆಯ ಹಸುವಿನಿಂದ?

“ಸಾರ್, ಇದು ಲೆಕ್ಕಕ್ಕಿಲ್ಲ,” ಎಂದಳು. “ಈ ಹಸುಗೆ ಕುಳ್ಳಿ ಅಭ್ಯಾಸ. ತಿಂಗಳುಗಟ್ಟಲೆ ನಾನೇ ತಿನ್ನಿಸಿದ್ದೀನಿ.”

“ನಿನ್ ಬಾಯಿಗೆ ಬೂದಿ ಉಯ್ಯಾ!” ಸೊಣ್ಣಮ್ಮ ತಲೆ ಚಚ್ಚಿಕೊಂಡಳು. “ತಿಂದಿದ್ದು ಅದು, ನಿಂಗ್ಯಾಕಮ್ಮಾ ತೇಗು?”

ಭಾನುಪ್ರಕಾಶರ ಮುಖಕ್ಕೆ ರಕ್ತ ವಾಪಸ್ಸು ಬಂತು. “ಬಯಾಸ್! ನೋಡಿದ್ರಾ ಸಾರ್, ಪಕ್ಕಾ ಬಯಾಸ್!”

“ಹೌದು ಸಾರ್. ಬರೀ ಎತ್ತರ ನೋಡಿ ಮಾರ್ಕ್ಸ್ ಹಾಕೋದೂ ಅದೇ ಅಲ್ವಾ?”

ಗೌರಿ ಇನ್ನೂ ಜಗಿಯುತ್ತಲೇ ಇತ್ತು. ಅಂಬರೀಶ್ ನಕ್ಕುಬಿಟ್ಟರು. “ಸರಿ. ಪರಿಚಯ ಇಲ್ಲದ ಹಸುಗಳನ್ನ ಹುಡುಕಿ, ಎರಡನ್ನೂ ಮುಂದಿಡಿ. ಅಲ್ಲೀ ತನಕ ಒಂದು ಗಿಡಾನೂ ಕೀಳೋ ಹಾಗಿಲ್ಲ.”

“ಇನ್ನೊಂದು, ಸಾರ್. ವೇಗಾನೂ ಇವತ್ತೇ ಬುಡಕ್ಕೆ ಕೊಯ್ಬೇಕು. ಕುಳ್ಳೀನ ಅರ್ಧ ಗೌರಿ ಕೊಯ್ದಾಗಿದೆ, ಉಳಿದರ್ಧ ನಾನು ಕೊಯ್ತೀನಿ. ಮತ್ತೆ ಚಿಗುರೋದನ್ನ ಅಳೀಬೇಕಾದ್ರೆ ಇಬ್ರಿಗೂ ಒಂದೇ ನ್ಯಾಯ ಬೇಡ್ವಾ?”

ಭಾನುಪ್ರಕಾಶ್ ಬೇರೆ ಯಾರಿಗೂ ಕತ್ತರಿ ಕೊಡಲಿಲ್ಲ. ತಮ್ಮ ಸೊಂಟದೆತ್ತರದ ಗಿಡಗಳ ಮುಂದೆ ತಾವೇ ಕೂತು, ಮಗುವಿನ ಚೌಲ ಮಾಡಿಸುವ ತಂದೆಯ ಮುಖ ಹೊತ್ತು, ಒಂದೊಂದಾಗಿ ಕತ್ತರಿಸಿದರು. ಸೌಮ್ಯಳಿಗೆ ಮೊದಲ ಸಲ ಅವರನ್ನು ಕಂಡರೆ ಪಾಪ ಎನ್ನಿಸಿತು.

ಮಾರನೆಯ ದಿನ ಇಬ್ಬರೂ ಕಾರಿನಲ್ಲಿ ಎರಡು ಕಟ್ಟು ಸೊಪ್ಪು ಹಾಕಿಕೊಂಡು ಹಸು ಹುಡುಕಲು ಹೊರಟರು. ಹೂಡಿಯಲ್ಲಿ ಸಿಕ್ಕಿದ್ದು ಒಂದು ಡೇರಿ ಬೂತು, ಹಾಲಿತ್ತು, ಹಸುವಿರಲಿಲ್ಲ. ಹಳೆಯ ಕೊಟ್ಟಿಗೆಯೊಂದು ಪಿ.ಜಿ. ಆಗಿತ್ತು. ದನಗಳಿಗೆ ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ಹುಡುಗರ ಶೂಗಳು ಸಾಲಾಗಿದ್ದವು. ಕೊನೆಗೆ ಕುಂದಲಹಳ್ಳಿಯ ಹತ್ತಿರ, ಕಸದ ರಾಶಿಯ ಮುಂದೆ ಒಂದು ಬಿಳಿ ಹಸು ಕಂಡಿತು.

ಭಾನುಪ್ರಕಾಶ್ ವೇಗ ಹಿಡಿದರು, ಸೌಮ್ಯ ಕುಳ್ಳಿ ಹಿಡಿದಳು. ಹಸು ಇದನ್ನು ಮೂಸಿತು, ಅದನ್ನು ಮೂಸಿತು. ಎರಡೂ ಏನೆಂದು ತಿಳಿಯದೆ ರಾಶಿಗೆ ಮರಳಿ, ಪಿಜ್ಜಾ ಡಬ್ಬಿಯ ಮುಚ್ಚಳ ಎತ್ತಿಕೊಂಡಿತು.

“ತಿನ್ನಮ್ಮಾ, ಪ್ಲೀಸ್,” ಎಂದರು ಭಾನುಪ್ರಕಾಶ್. ಅವರ ದನಿಯಲ್ಲಿ ಬಾಸುತನವೆಲ್ಲ ಕರಗಿಹೋಗಿತ್ತು. “ಇದಕ್ಕೆ ಸೊಪ್ಪು ಅಂದ್ರೇನು ಅಂತಾನೇ ಗೊತ್ತಿಲ್ವಲ್ಲ ಸೌಮ್ಯಾ. ನಾವು ಯಾರಿಗೆ ಬೆಳೀತಿದ್ದೀವಿ?”

ಸೌಮ್ಯ ಅತ್ತೆಗೆ ಫೋನು ಹಚ್ಚಿದಳು.

“ಮಾಲೂರು ಕಡೀಕೋಗಿ,” ಎಂದಳು ಸೊಣ್ಣಮ್ಮ. “ನಮ್ ನಾದಿನಿ ಮನೇಲವೆ ನಾಲ್ಕೈದು. ನಿಮ್ ಸಾರ್‌ಗೇಳು, ಬೂಟ್ಸ್ ಬಿಚ್ಚಿ ಒಳೀಕೋಗ್ಬೇಕು. ಸಗಣಿ ಕಂಡು ಮೂಗು ಇಡ್ಕೊಂಡ್ರೆ ಅವ್ಳು ಆಚೀಕೆ ಅಟ್ತಾಳೆ.”

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡ ಭಾನುಪ್ರಕಾಶ್ ಒಂದು ಗಳಿಗೆ ತಮ್ಮ ಬಿಳಿ ಬೂಟುಗಳನ್ನು ನೋಡಿದರು. ಆಮೇಲೆ ಅಂಬರೀಶರಿಗೆ ಕರೆ ಮಾಡಿದರು. “ಸಾರ್, ಸೋಮವಾರದ ಮೀಟಿಂಗ್ ಬೇಡ. ಇಲ್ಲಿ ಹಸುಗಳೇ ಸಿಗ್ತಿಲ್ಲ. ಮೂರು ಕೊಯ್ಲು ನೋಡೋಣ, ಮಾಲೂರಿನ ಹಸುಗಳನ್ನೂ ಕೇಳೋಣ. ಎರಡು ತಳೀನೂ ಇರ್ಲಿ.”

ಸೌಮ್ಯ ನಗು ಕಾಣದಿರಲೆಂದು ಮುಖ ತಿರುಗಿಸಿ ಕಾರಿನ ಬಾಗಿಲು ತೆಗೆದಳು. ಅವರ ಹಿಂದೆ ಬಿಳಿ ಹಸು, ವೇಗದ ಕಟ್ಟಿಗೆ ಸುತ್ತಿದ್ದ ಕಂಪನಿಯ ಹೆಸರಿನ ಕಾಗದದ ಪಟ್ಟಿಯನ್ನು ಮೆಲ್ಲಗೆ ಕಿತ್ತುಕೊಂಡು, ಸಾವಕಾಶವಾಗಿ ಜಗಿಯತೊಡಗಿತ್ತು.