ಮೊದಲ ಪಾಠಕ್ಕೆ ಮಲಕಪ್ಪ

ಪುಣೆಯ ಪಿಂಪ್ರಿಯ ಆ ಎರಡು ಕೋಣೆಯ ಮನೆಯಲ್ಲಿ ಎರಡು ವಾರದಿಂದ ಊಟಕ್ಕೆ ಕೂರಲು ಜಾಗವಿರಲಿಲ್ಲ. ನೆಲದ ತುಂಬ ಇತಿಹಾಸ ಹರಡಿತ್ತು. ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದ ಮಾಧುರಿಗೆ ಚರ್ಚಿನ ಗೆಳತಿಯೊಬ್ಬಳು ಇತಿಹಾಸದ ಎರಡು ಕ್ರೈಸ್ತ ಪಠ್ಯಮಾಲೆಗಳನ್ನು ನೋಡಲು ಕೊಟ್ಟಿದ್ದಳು. ಭಾನುವಾರದೊಳಗೆ ಒಂದನ್ನು ಆರಿಸಬೇಕು. ಏಳೆಂಟು ಮನೆಯವರು ಸೇರಿ ಒಟ್ಟಿಗೆ ತರಿಸುವವರಿದ್ದರು. ಮಾಧುರಿಯೋ, ಒಂದು ಸೀರೆ ಆರಿಸಲು ಲಕ್ಷ್ಮೀ ರೋಡನ್ನು ಮೂರು ಸಲ ಸುತ್ತುವ ಹೆಂಗಸು. ಆದಿಕಾಂಡದಿಂದ ಇಂದಿನವರೆಗಿನ ಜಗತ್ತನ್ನೇ ಆರಿಸು ಎಂದರೆ ಏನು ಮಾಡಿಯಾಳು?

ಅಮೆರಿಕದ ಮಾಲೆ ದಪ್ಪ, ಬಣ್ಣ ಬಣ್ಣದ್ದು. ಅದರಲ್ಲಿ ನಮ್ಮ ದೇಶಕ್ಕೆ ಸಿಕ್ಕಿದ್ದು ಒಂದೂವರೆ ಪುಟ. ಆ ಒಂದೂವರೆಯಲ್ಲೂ ಅರ್ಧ ಪುಟ ಆನೆಗೇ ಹೋಗಿತ್ತು. ಇಲ್ಲಿಯ ಮಾಲೆ ತೆಳ್ಳಗಿತ್ತು, ಕಾಗದವೂ ಅಷ್ಟಕ್ಕಷ್ಟೆ. ಅದರಲ್ಲಿ ಕ್ರೈಸ್ತರು ಕೇರಳದ ದಂಡೆಗೆ ಇಳಿದು, ಅಲ್ಲಿಂದ ಗೋವಾಕ್ಕೆ ಹೋಗಿ, ಆಮೇಲೆ ಎಲ್ಲಿ ಕಾಣೆಯಾದರೋ ದೇವರೇ ಬಲ್ಲ. ಗಂಡನ ಮನೆತನದ ಊರಾದ ಬೆಟಗೇರಿಯ ಕಡೆ ಅವರು ಹಾದುಹೋದ ಸುಳಿವೇ ಇರಲಿಲ್ಲ.

ಆದರೆ ಮಾಧುರಿಯ ಎದೆಯನ್ನು ಕೊರೆಯುತ್ತಿದ್ದುದು ಪುಸ್ತಕವಲ್ಲ, ಮಾಯಾ. ಎಂಟು ವರ್ಷದ ಮಗಳಿಗೆ ಮಾತು ತಡೆಯುತ್ತಿತ್ತು. ಶಾಲೆಯಲ್ಲಿ ಮಕ್ಕಳು ಅಣಕಿಸಿ ಅಣಕಿಸಿ, ಕೊನೆಗೆ ಹಾಜರಿಗೂ ಅವಳು ಬರೀ ಕೈಯೆತ್ತತೊಡಗಿದಾಗ ಮಾಧುರಿ ಅವಳನ್ನು ಬಿಡಿಸಿದಳು. ಜೊತೆಗಿರಲೆಂದು ಅಣ್ಣ ರೋಹಿತನನ್ನೂ ಬಿಡಿಸಿದಳು. ವರ್ಷವಾಯಿತು. ಮಾಯಾ ಲೆಕ್ಕ ಮಾಡುತ್ತಾಳೆ, ಚಿತ್ರ ಬರೆಯುತ್ತಾಳೆ, ಗಟ್ಟಿಯಾಗಿ ಓದು ಎಂದರೆ ಮಾತ್ರ ಬಾಯಿ ತೆರೆಯಳು. ಚಿಂಚವಾಡದ ಕಾರ್ಖಾನೆಯಲ್ಲಿ ಪಾಳಿ ದುಡಿಯುವ ಗಂಡ ಹರಿಶ್ಚಂದ್ರ, ಹೆಸರಿಗೆ ತಕ್ಕಂತೆ, ಆಡಿದ ಮಾತಿಗೆ ತಪ್ಪುವವನಲ್ಲ.

"ಯಾವ ಪುಸ್ತಕರೆ ತರಸು," ಎಂದಿದ್ದ. "ಆದ್ರ ಹುಡುಗಿ ಒಂದ ಪುಟಾನರೆ ಬಾಯಿಬಿಟ್ಟು ಓದಬೇಕು. ಇಲ್ಲಂದ್ರ ಜೂನಿಗೆ ಮತ್ತ ಸಾಲಿಗೆ."

ಶನಿವಾರ ಮಧ್ಯಾಹ್ನ ಮಾಧುರಿ ಅಮೆರಿಕದ ಮಾಲೆಯ ಮೊದಲ ಪಾಠ ತೆರೆದಳು. ನಿಮ್ಮ ಮನೆತನಕ್ಕೆ ಸುವಾರ್ತೆ ಹೇಗೆ ಬಂತು, ಹಿರಿಯರನ್ನು ಕೇಳಿ ಬರೆಯಿರಿ ಎಂದಿತ್ತು. ಹಿರಿಯರೇನು ದೂರವಿರಲಿಲ್ಲ. ಅತ್ತೆ ಅವ್ವಮ್ಮ ಬಾಗಿಲ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಅತ್ತ್ಯಾರ, ನಮ್ಮ ಮನ್ಯಾಗ ಮೊದಲ ಯಾರು ಕ್ರೈಸ್ತರಾದ್ರು, ಹುಡುಗರಿಗೆ ಚೂರು ಹೇಳ್ರಿ."

ಮಾಧುರಿ ಕೇಳಿದ್ದು ಇತಿಹಾಸ. ಅವ್ವಮ್ಮ ಕೊಟ್ಟದ್ದು ಸಾಕ್ಷಿ. ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ದೇವರು ತನ್ನ ಮನೆಗೆ ಮಾಡಿದ ಉಪಕಾರ ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಎನ್ನುತ್ತಾರೆ. ಐವತ್ತು ವರ್ಷ ಹೇಳಿದ ಸಾಕ್ಷಿಗೆ ಒಗ್ಗರಣೆ ಬೀಳದೆ ಇರುತ್ತದೆಯೇ? ಅವ್ವಮ್ಮ ತಲೆಗೆ ಸೆರಗು ಹೊದ್ದು ಎದ್ದೇ ನಿಂತಳು. ತನ್ನ ಗಂಡನ ಮುತ್ತಜ್ಜ ಮಲಕಪ್ಪ, ಬೆಟಗೇರಿಯ ನೇಕಾರ, ಗುಡುಗಿನಂಥ ದನಿಯವನು. ಕ್ರೈಸ್ತನಾಗುವ ದಿನ ನಂಬುತ್ತೀಯಾ ಎಂದ ಪಾದ್ರಿ ದೊರೆಗೆ ಅವನು ಕೊಟ್ಟ ಉತ್ತರಕ್ಕೆ ಚರ್ಚಿನ ಹಂಚು ಅಲುಗಾಡಿದವು ಎಂದು ಕೈಯೆತ್ತಿ ಹೇಳಿದಳು.

ಕೇಳುತ್ತ ಕೇಳುತ್ತ ಮಾಯಾ ಗೋಡೆಗೆ ಮುದುರಿಕೊಂಡಳು. ಇಂಥ ದನಿಯ ಹಿರಿಯನೆದುರು ಹುಡುಗಿಗೆ ಮನೆಯ ಇತಿಹಾಸವೂ ದಕ್ಕಲಿಲ್ಲವಲ್ಲ ಎಂದು ಮಾಧುರಿಗೆ ಎನಿಸಿತು.

ಅಷ್ಟರಲ್ಲಿ ರೋಹಿತ ಕಪಾಟಿನಿಂದ ಹಳೆಯ ಸತ್ಯವೇದವನ್ನು, ಎಂದರೆ ಬೈಬಲನ್ನು, ಹೊತ್ತು ತಂದ. ಅದರ ಮೊದಲ ಖಾಲಿ ಹಾಳೆಯಲ್ಲಿ ಮನೆತನದ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವುದು ವಾಡಿಕೆ. ಮಕ್ಕಳಿಬ್ಬರಿಗೂ ಅವ್ವಮ್ಮನೇ ಸ್ಲೇಟು ಹಿಡಿಸಿ ಕನ್ನಡ ಕಲಿಸಿದ್ದಳು. ರೋಹಿತ ಬೆರಳಿಟ್ಟು ಓದಿದ: "ಉಗ್ಗ ಮಲಕಪ್ಪ. ದೀ. ಸ್ನಾ. ೧೮೭೯. ಅಜ್ಜಿ, ಮಲಕಪ್ಪಜ್ಜ ದಿನಾ ಸ್ನಾನ ಮಾಡ್ತಿದ್ದಾ ಅಂತ ಬರದಾರೇನು?"

ಮಾಧುರಿ ನಕ್ಕುಬಿಟ್ಟಳು. "ದೀಕ್ಷಾಸ್ನಾನೋ ಹುಚ್ಚಪ್ಪಾ, ಕ್ರೈಸ್ತ ಆಗೂ ಮುಂದ ಮಾಡಸೂದು."

"ಮತ್ತ ಉಗ್ಗ ಅಂದ್ರ?"

ಮಾಧುರಿಯ ನಗು ಅಲ್ಲೇ ನಿಂತಿತು. ಸೊಲ್ಲಾಪುರದ ತವರಿನಲ್ಲಿ ಕೇಳಿ ಬಲ್ಲ ಮಾತು ಅದು. ಉಗ್ಗ ಎಂದರೆ ಮಾತು ತಡೆಯುವವನು. ಅವಳು ಅತ್ತೆಯ ಮುಖ ನೋಡಿದಳು. ಅವ್ವಮ್ಮ ಆಗಲೇ ಕೂತು, ಸೋಸಿದ ಸೊಪ್ಪನ್ನೇ ಮತ್ತೆ ಸೋಸತೊಡಗಿದ್ದಳು.

"ಅತ್ತ್ಯಾರ, ಗುಡುಗಿನ ದನಿ ಅಂದ್ರಿ?"

"ಅಷ್ಟ ಮಂದಿ ಮುಂದ ಉಗ್ಗ ಅಂತ ಹೆಂಗ ಹೇಳ್ಲಿ? ನಗ್ತಿದ್ರು." ಅವ್ವಮ್ಮನ ದನಿ ಇಳಿದಿತ್ತು. "ನಮ್ಮತ್ತಿ ನನಗ ಹೇಳಿದ್ದು ಬ್ಯಾರೇನ ಅದ. ನಂಬತೀಯೇನಪಾ ಅಂತ ಪಾದ್ರಿ ಕೇಳಿದ್ರ ಆಂವಗ ನಂಬತೇನಿ ಅನ್ನಾಕ ಬರಲಿಲ್ಲ. ನಂ ನಂ ಅಂತ ನಿಂತಬಿಟ್ಟ. ಮಂದಿ ನಕ್ಕರು. ಆಂವ ನಂಬತಾನ್ರಿ, ಮುಂದ ನಡಸ್ರಿ ಅಂತ ಯಾರೋ ಅಂದ್ರು. ಪಾದ್ರಿ ಒಪ್ಪಲಿಲ್ಲ. ಆಂವನ ಹೇಳಲಿ ಅಂತ ಪುಸ್ತಕ ಮುಚ್ಚಿ, ಕೈಕಟ್ಟಿ ನಿಂತ್ರು. ಭಾಳ ಹೊತ್ತು. ಕಡೀಕ ಹೇಳಿದಾ."

ಮಾಯಾ ಯಾವಾಗಲೋ ಬಂದು ಅಜ್ಜಿಯ ಮೊಣಕಾಲಿಗೆ ಅಂಟಿಕೊಂಡಿದ್ದಳು. "ಆ... ಆಮ್ಯಾಲ ಅರಾಮ ಆದ್ನ?"

"ಇಲ್ಲವ್ವಾ, ಸಾಯೂತನಕ ಉಗ್ಗಿದಾ. ಮಾತಾಡೂದ ಮಾತ್ರ ಬಿಡಲಿಲ್ಲ. ಬಾಯಿ ಮುಚ್ಚರಿ ಸಾಕು ಅಂತ ಹೆಂಡ್ತಿ ಬಯ್ತಿದ್ಲಂತ."

ಮಾಯಾ ಕಿಸಕ್ಕನೆ ನಕ್ಕಳು. ಮಾಧುರಿ ಆ ಕ್ಷಣಕ್ಕೇ ಅಮೆರಿಕದ ಮಾಲೆಯನ್ನು ಆರಿಸಿಬಿಟ್ಟಳು. ಒಳಗೆ ಏನೇ ಇರಲಿ, ಹಿರಿಯರನ್ನು ಕೇಳಿ ಎನ್ನುವಷ್ಟು ಬುದ್ಧಿ ಅದಕ್ಕಿತ್ತು. ಹೊರಗೆ ಮೆಟ್ಟಿಲ ಸದ್ದಾಯಿತು. ಬೆಳಗಿನ ಪಾಳಿ ಮುಗಿಸಿ ಬಂದ ಹರಿಶ್ಚಂದ್ರ ಹೊಸ್ತಿಲಲ್ಲಿ ಬೂಟು ಕಳಚಲು ಬಗ್ಗಿದವನು ಹಾಗೆಯೇ ನಿಂತ. ಮಾಯಾ ಸತ್ಯವೇದವನ್ನು ತೊಡೆಗೆ ಎಳೆದುಕೊಂಡು ಮೊದಲ ಸಾಲಿಗೆ ಬೆರಳಿಟ್ಟಿದ್ದಳು.

"ಉ... ಉಗ್ಗ," ಎಂದಳು. ಮುಂದಿನದಕ್ಕೆ ತುಟಿ ಕೂಡಿದವು, ಬಿಡಿಸಿಕೊಳ್ಳಲಿಲ್ಲ. ಕತ್ತಿನ ನರ ಉಬ್ಬಿತು.

ಮಗಳಿಗೆ ಎಲ್ಲಿ ತಡೆದರೂ ಆ ಮಾತನ್ನು ತಾನೇ ಆಡಿ ಮುಗಿಸುವುದು ಮಾಧುರಿಯ ಪ್ರೀತಿಯ ಅಭ್ಯಾಸ. 'ಮಲಕಪ್ಪ' ಎಂಬುದು ಅವಳ ನಾಲಿಗೆಯ ತುದಿಗೆ ಬಂದೂ ಆಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವ್ವಮ್ಮನ ಒದ್ದೆ ಅಂಗೈ ಅದನ್ನು ಮುಚ್ಚಿತು.

"ತಡಿ ಮಾಧುರಿ," ಎಂದಳು ಅವ್ವಮ್ಮ ಮೆಲ್ಲಗೆ. "ಆಕೀನ ಹೇಳಲಿ."