ಸೂಚಕನ ಸಹಿ

ನವಲಗುಂದದ ಕಡೆಯ ಆ ಎರೆಸೀಮೆಯ ಊರಿನಲ್ಲಿ ಪಂಚಾಯ್ತಿಯ ಮೀಸಲಾತಿ ಪಟ್ಟಿ ಬಂದ ದಿನ ಗಂಡಸರಿಗೆ ಹಬ್ಬವೋ ಹಬ್ಬ. ಐದು ವರ್ಷ ಮಹಿಳೆಗೆ ಮೀಸಲಾಗಿದ್ದ ಮೇಲಿನ ಓಣಿಯ ಸ್ಥಾನ ಈ ಸಲ ಸಾಮಾನ್ಯವಾಗಿತ್ತು. ಸಾಮಾನ್ಯ ಅಂದರೆ ಯಾರು ಬೇಕಾದರೂ ನಿಲ್ಲಬಹುದು ಎಂದು ಸರ್ಕಾರ ಬರೆದಿತ್ತು, ಗಂಡಸರ ಪಾಳಿ ಬಂತು ಎಂದು ಊರು ಓದಿಕೊಂಡಿತು. ಹಾಗಲ್ಲಪ್ಪಾ ಎಂದು ತಿದ್ದುವವರು ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ.

ಪ್ರಭುವಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಆ ಸ್ಥಾನದಲ್ಲಿ ಕೂತಿದ್ದವಳು ಅವನ ಹೆಂಡತಿ ಮಹಾನಂದಾ. ಆಗ ಅವಳನ್ನು ನಿಲ್ಲಿಸಿದ್ದು ಅವನ ಕಾಕಾ ಈರಬಸಪ್ಪ. ಕಾಕಾ ಕೆಮ್ಮಿದರೂ ಓಣಿ ಹೌದ್ರಿ ಅನ್ನುತ್ತಿತ್ತು. ಒಂದು ಹೆಣ್ಣಿನ ಹೆಸರು ಬೇಕಾಗಿದೆ, ಇವಳದೇ ಇರಲಿ ಎಂದು ಬರೆಸಿದ್ದ ಅಷ್ಟೆ. ಮೀಸಲಾತಿ ಅಂದರೆ ಅರ್ಹತೆಗೆ ಇಟ್ಟ ಕೊಳ್ಳಿ ಎನ್ನುವುದು ಆತನ ನಿತ್ಯದ ಮಂತ್ರ. ಸೊಸೆ ಚಹಾ ತಂದಿಟ್ಟಾಗಲೂ ಅದನ್ನು ಬಿಡುತ್ತಿರಲಿಲ್ಲ.

ಮೊದಲ ವರ್ಷ ಪ್ರಭುವೇ ಅವಳನ್ನು ಗಾಡಿ ಮೇಲೆ ಕರೆದೊಯ್ದು, ಬಾಜೂಕಿನ ಕುರ್ಚಿಯಲ್ಲಿ ಕೂತು, ಅವಳ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ. ಆಮೇಲೊಂದು ದಿನ ಮಹಾನಂದಾ, ನೀವು ಹೊಲದ ಕಡೆ ಹೋಗಿ, ಸಭೆಗೆ ನಾನು ಹೋಗಿ ಬರುತ್ತೇನೆ ಎಂದು ಸೆರಗು ಹೊದ್ದು ನಡೆದೇಬಿಟ್ಟಳು. ಕುಡಿಯುವ ನೀರಿನ ಕೆರೆಗೆ ಬೇಲಿ ಹಾಕಿಸಿ, ಅಲ್ಲಿ ಎತ್ತು ತೊಳೆಯುವುದನ್ನು ನಿಲ್ಲಿಸಿದಳು. ಆ ಕಾರಹುಣ್ಣಿಮೆಗೆ ಕೆರೆಯ ದಂಡೆಯಿಂದ ಅವಳು ಮೊದಲು ಹಿಂದಕ್ಕೆ ಕಳಿಸಿದ್ದು ಗಂಡನ ಎತ್ತುಗಳನ್ನೇ. ಪ್ರಭು ಎಷ್ಟೋ ದಿನ ಅವಳ ಕೂಡ ಮಾತು ಬಿಟ್ಟಿದ್ದ. ಮುಂದಿನ ಬೇಸಿಗೆಯಲ್ಲಿ ಓಣಿಯ ಮಕ್ಕಳು ವಾಂತಿ ಭೇದಿಯಿಂದ ಹಾಸಿಗೆ ಹಿಡಿಯಲಿಲ್ಲ. ಬೈದ ಜನವೇ ಈಗ ಏನಾದರೂ ಬೇಕಾದರೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ. ಮಹಾನಂದಾ ಮಾರು ಗೆದ್ದಿದ್ದಳು, ಮನೆಯೊಂದು ಬಾಕಿ ಇತ್ತು.

ಪಟ್ಟಿ ಬಂದ ವಾರದಲ್ಲೇ ಹಿರಿಯರು ಮಠದಲ್ಲಿ ಸೇರಿ, ಜಗಳ ಬೇಡ, ಪ್ರಭುವನ್ನು ಅವಿರೋಧ ಆರಿಸೋಣ ಎಂದು ಗೊತ್ತುಮಾಡಿದರು. ಬೇರೆ ಯಾರೂ ನಿಲ್ಲುವುದಿಲ್ಲ, ನಿಲ್ಲುವವರಿಗೆ ಸಹಿಯನ್ನೂ ಹಾಕುವುದಿಲ್ಲ ಎಂದು ಮನೆಗೊಬ್ಬ ಗಂಡಸು ಮಠದ ಅಜ್ಜನ ಗದ್ದುಗೆ ಮುಟ್ಟಿ ಮಾತು ಕೊಟ್ಟ. ಗಂಡಸು ಮುಟ್ಟಿದರೆ ಮನೆಯ ಹೆಂಗಸರೂ ಮುಟ್ಟಿದಂತೆಯೇ ಲೆಕ್ಕ. ಪ್ರಭುವಿಗೆ ಮಾತ್ರ ಯಾರೂ ಮುಟ್ಟು ಅನ್ನಲಿಲ್ಲ. ತನಗೆ ಸಿಗುವ ಕುರ್ಚಿಗೆ ತಾನೇ ಅಡ್ಡ ಬರುವ ಗಂಡಸು ಲೋಕದಲ್ಲಿ ಎಲ್ಲಿದ್ದಾನೆ?

ಮತ್ತೆ ನಿಲ್ಲಬೇಕೆಂದಿದ್ದ ಮಹಾನಂದಾಳಿಗೆ ಅಲ್ಲೇ ಒಂದು ಕಿಂಡಿ ಕಂಡಿತು. ನಾಮಪತ್ರಕ್ಕೆ ಅದೇ ಓಣಿಯ ಮತದಾರನೊಬ್ಬ ಸೂಚಕನಾಗಿ ಸಹಿ ಹಾಕಬೇಕು. ಅವಳು ನಾಲ್ಕು ಮನೆ ತಿರುಗಿ ಬಂದಿದ್ದಳು. ಎಲ್ಲರೂ ಅವಳನ್ನು ಹೊಗಳಿದರು, ಎಲ್ಲರೂ ಗದ್ದುಗೆಯ ಕಡೆ ಕೈ ತೋರಿಸಿದರು. ಸಂಜೆ ಗಂಡ ಊಟಕ್ಕೆ ಕೂತಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

"ಗದ್ದಿಗಿ ಮುಟ್ಟದಾವ್ರು ನೀವ ಒಬ್ರು ಉಳದೀರಿ. ನನಗ ಸೂಚಕ ಆಗ್ರಿ. ಮಂದಿ ಬ್ಯಾಡ ಅಂದ್ರ ಸೋಲ್ತೇನಿ, ಅದಕ್ಕ ನಾ ಅಳೂದಿಲ್ಲ."

ಪ್ರಭು ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತ ಆತು ಅಂದ. ಆ ಗಳಿಗೆಯಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ತನಗಿಂತ ಅವಳು ಮೇಲು ಎಂಬುದು ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ.

ಮರುದಿನ ನಾಮಪತ್ರಕ್ಕೆ ಕಡೆಯ ದಿನ. ದನಗಳಿಗೆ ಮೇವು ಹಾಕಿ ಬರುತ್ತೇನೆ ಎಂದು ಪ್ರಭು ಅವಳನ್ನು ಮುಂದೆ ಕಳಿಸಿದ. ಅಷ್ಟರಲ್ಲಿ ಈರಬಸಪ್ಪ ಕಾಕಾ ಹಿರಿಯರ ಜೊತೆ ಅಂಗಳಕ್ಕೆ ಬಂದ. ಕಾಕಾ ಗದರಿದ್ದರೆ ಪ್ರಭು ಬಹುಶಃ ಎದುರಾಡುತ್ತಿದ್ದ. ಕಾಕಾ ಗದರಲಿಲ್ಲ, ಅವನ ಹೆಗಲ ಮೇಲೆ ಕೈ ಇಟ್ಟ.

"ನಿಮ್ಮಪ್ಪ ಇದ್ದಿದ್ರ ಇವತ್ತ ಎಷ್ಟ ಹಿಗ್ತಿದ್ನಲೇ," ಅಂದ.

ಅಷ್ಟೇ ಸಾಕಾಯಿತು. ಐದು ವರ್ಷ ಮೆಂಬರ್ ಗಂಡ ಎಂದು ಕರೆಸಿಕೊಂಡವನಿಗೆ ತನ್ನದೇ ಹೆಸರಿನ ಆಸೆ ಇರಲಿಲ್ಲ ಅಂದರೆ ಅದು ಶುದ್ಧ ಸುಳ್ಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದ ಮನುಷ್ಯ ಅವನು. ಅಂಗಿ ಬದಲಿಸಿ ಕಾಕಾನ ಹಿಂದೆ ನಡೆದ.

ಪಂಚಾಯ್ತಿ ಪಡಸಾಲೆಯ ಬೆಂಚಿನ ಮೇಲೆ ಮಹಾನಂದಾ ಕಾಯುತ್ತಿದ್ದಳು. ಗಂಡ ಮೆಟ್ಟಿಲು ಹತ್ತುವುದು ಕಂಡು ಅವನು ಕೂರಲೆಂದು ಸರಿದು ಜಾಗ ಮಾಡಿದಳು. ಆಮೇಲೆ ಅವನ ಹಿಂದಿದ್ದ ಹಿರಿಯರು ಕಂಡರು, ಕಾಕಾನ ಕೈಯಲ್ಲಿದ್ದ ನಾಮಪತ್ರ ಕಂಡಿತು. ಕಾಕಾ ನನ್ನ ಮಾತು ಕೇಳಲಿಲ್ಲ ಎಂದು ಪ್ರಭು ನೆಲ ನೋಡಿಕೊಂಡು ಗೊಣಗಿ ಒಳಗೆ ಹೋದ. ಅವಳು ಹೊತ್ತು ಮುಗಿಯುವವರೆಗೂ ಕೂತಿದ್ದು, ಕಾಗದ ಮಡಚಿಕೊಂಡು ಒಬ್ಬಳೇ ಮನೆಗೆ ಹೋದಳು. ಅದನ್ನು ಕಿಟಕಿಯಿಂದ ನೋಡಿದ ಪ್ರಭುವಿಗೆ ನಾಚಿಕೆಯಾಯಿತು, ಆದರೆ ಎದ್ದು ಹೊರಗೆ ಬರುವಷ್ಟು ಆಗಲಿಲ್ಲ.

ಅವಿರೋಧ ಆಯ್ಕೆ ಎಂದು ಸಾರಿದ ದಿನ ಪಟಾಕಿ ಹಾರಿಸಿ, ಕೊರಳ ತುಂಬ ಹಾರ ಹಾಕಿ ಅವನನ್ನು ಮನೆಯವರೆಗೆ ಮೆರೆಸಿಕೊಂಡು ಬಂದರು. ಬಾಗಿಲಲ್ಲಿ ಮಹಾನಂದಾ ಆರತಿ ಹಿಡಿದು ನಿಂತಿದ್ದಳು. ಇನ್ನಾದರೂ ಅರ್ಹತೆಗೆ ಬೆಲೆ ಬಂತು ಎಂದು ಕಾಕಾ ಓಣಿಗೆಲ್ಲ ಕೇಳುವಂತೆ ಹೇಳಿದ. ಅವಳು ಆರತಿ ಎತ್ತಿದಳು, ಬಗ್ಗಿದ ಗಂಡನ ಹಣೆಗೆ ವಿಭೂತಿ ಹಚ್ಚಿದಳು. ಹಚ್ಚುತ್ತ, ಅವನಿಗಷ್ಟೇ ಕೇಳುವಂತೆ ಕೇಳಿದಳು.

"ಮೀಸಲಾತಿ ಮ್ಯಾಲ ಬಂದಾಕಿ ಅಂತ ಐದು ವರ್ಷ ಅನ್ನಿಸ್ಕೊಂಡೆ. ನೀವು ಯಾವುದರ ಮ್ಯಾಲ ಬಂದ್ರಿ?"

ಸಿಟ್ಟಿನಿಂದ ಕೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೂ ಉತ್ತರ ಬೇಕು ಎಂಬಂತೆ ಮುಖ ನೋಡುತ್ತಿದ್ದಳು. ಆಮೇಲೆ ತಟ್ಟೆ ಹಿಡಿದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗ ನಡೀರಿ ಎಂದು ಹಿಂದಿನಿಂದ ಮಂದಿ ನೂಕುತ್ತಿದ್ದರು. ಪ್ರಭುವಿಗೆ ತನ್ನ ಮನೆಯ ಹೊಸ್ತಿಲು ದಾಟಲು ಕಾಲು ಬರಲಿಲ್ಲ.